ಖಾಲಿ ಚೌಕಟ್ಟು

ಪರದೆಯ ಮೇಲೆ ಗಂಡ ನಗುತ್ತಿದ್ದ. ಕಾಗದದ ಮೇಲೆ ಅವನಿರಬೇಕಾದ ಜಾಗದಲ್ಲಿ ಬರೀ ಖಾಲಿ ಚೌಕಟ್ಟು.

ಬೀದಿಗೆ ಬಾಗಿಲಿದ್ದ ಆ ಒಂದೇ ಕೋಣೆಯ ಅಂಗಡಿಯಲ್ಲಿ ಅವಳು ಟೈಪ್ ಮಾಡುವವಳು. ಪ್ರಿಂಟರಿನ ಉಸಾಬರಿಯೆಲ್ಲ ಗಂಡನದು. ಕಳೆದ ವಾರ ಅವನು ತೀರಿಕೊಂಡ. ಅಂದಿನಿಂದ ಅವಳು ಅತ್ತಿರಲಿಲ್ಲ. ಅಳು ಬರಲಿಲ್ಲ, ಅಷ್ಟೆ. ಬಡಿಸಿದರೆ ಉಂಡಳು, ಮಲಗು ಎಂದರೆ ಮಲಗಿದಳು. ಸಂಜೆ ನೆಂಟರಿಷ್ಟರು ಸೇರುವುದಿತ್ತು. ಎಲ್ಲರ ಕೈಗೂ ಅವನ ಫೋಟೊ ಇರುವ ಹಾಳೆ ಕೊಡಲೇಬೇಕೆಂದು ಅತ್ತೆ ಹಟ ಹಿಡಿದಿದ್ದರು. ಅತ್ತೆಗೆ ಓದಲು ಬಾರದು. ಎಷ್ಟೇ ಚೆಂದದ ಮಾತು ಬರೆದಿರಲಿ, ಮಗನ ಮುಖವಿಲ್ಲದ ಹಾಳೆ ಅವರ ಪಾಲಿಗೆ ರದ್ದಿ.

ಮೈದುನ ನೆರವಿಗೆ ಬಂದ. ಬಂದವನು ಕಂಡಕಂಡ ವಯರುಗಳನ್ನು ಕಿತ್ತು ಸಿಕ್ಕಿಸಿದ, ಇಂಕು ಬದಲಿಸಿದ, ಫೋಟೊ ಅಳಿಸಿ ಮತ್ತೆ ಅಂಟಿಸಿದ. ಗೊತ್ತಿಲ್ಲದ ಕೆಲಸಕ್ಕೆ ಧೈರ್ಯವಾಗಿ ಕೈಹಾಕುವುದರಲ್ಲಿ ಆ ಮನೆಯ ಗಂಡಸರನ್ನು ಮೀರಿಸುವವರಿಲ್ಲ. ಮತ್ತೆ ಚೌಕಟ್ಟೇ ಬಂತು.

"ಪ್ರಿಂಟರ್ ಕೈಕೊಟ್ಟಿದೆ ಅತ್ತಿಗೆ. ಬೇರೆ ಕಡೆ ಮಾಡಿಸೋಣ."

"ಕೆಟ್ಟಿಲ್ಲ. ಅಕ್ಷರ ನೋಡು, ಎಷ್ಟು ತೆಳು ಬಂದಿದೆ. ಇದು ನಿಮ್ಮಣ್ಣನದೇ ಕೆಲಸ."

ಗಿರಾಕಿಗಳಿಗೆ ತಿದ್ದಲು ಕೊಡುವ ಪ್ರತಿಗೆ ಇಂಕು ಖರ್ಚು ಮಾಡಲು ಆ ಜುಗ್ಗನಿಗೆ ಹೊಟ್ಟೆ ಉರಿಯುತ್ತಿತ್ತು. "ತಪ್ಪು ಹುಡುಕೋರಿಗೆ ಚಿತ್ರ ಯಾಕೆ?" ಎನ್ನುತ್ತಿದ್ದ. 'ಡ್ರಾಫ್ಟ್' ಎಂಬಲ್ಲಿ ಟಿಕ್ ಹಾಕಿಟ್ಟರೆ ತೆಳು ಅಕ್ಷರ ಮಾತ್ರ ಬರುತ್ತದೆ, ಚಿತ್ರ ಬರುವುದಿಲ್ಲ. ಕೊನೆಯ ಪ್ರತಿಗೆ ತಾನೇ ಬಂದು ಟಿಕ್ ತೆಗೆಯುತ್ತಿದ್ದ. ಅವಳು ಮೌಸ್ ಹಿಡಿದರೆ ಸಾಕು, "ಮುಟ್ಟಬೇಡ, ನಾನು ಮಾಡ್ತೀನಿ" ಎಂದು ಗದರುತ್ತಿದ್ದ.

ಅವಳು ಪ್ರಿಂಟಿನ ಸೆಟ್ಟಿಂಗ್ ತೆರೆದಳು. ಟಿಕ್ ಅಲ್ಲೇ ಇತ್ತು. ತೆಗೆದಳು.

ಪ್ರಿಂಟರ್ ಗೊರಗುಟ್ಟಿತು. ಮೊದಲು ಕೂದಲು ಬಂತು, ಆಮೇಲೆ ಹಣೆ, ಆಮೇಲೆ ಕಣ್ಣು.

"ಅಮ್ಮಾ, ಅಣ್ಣ ಬಂದ!" ಎಂದು ಮೈದುನ ಕೂಗಿದ. ಅತ್ತೆ ಓಡಿ ಬಂದು ಇಂಕು ಆರದ ಹಾಳೆಯನ್ನು ಎದೆಗೊತ್ತಿಕೊಂಡರು.

"ಎಷ್ಟು ಪ್ರತಿ ತೆಗೀಲಿ ಅತ್ತಿಗೆ?"

ಅವನು ಹೋದ ಮೇಲೂ ಈ ಯಂತ್ರವಾದರೂ ಅವನ ಮಾತನ್ನೇ ಕೇಳಿಕೊಂಡಿತ್ತು. ಈಗ ಅವಳು ಹೇಳಿದಂತೆ ಕೇಳಿತು. ಮೌಸ್ ಇನ್ನೂ ಅವಳ ಕೈಯಲ್ಲೇ ಇತ್ತು, ಗದರುವವರು ಯಾರೂ ಇರಲಿಲ್ಲ. ಅವಳು ಬಿಕ್ಕಿಬಿಕ್ಕಿ ಅತ್ತಳು.