ಮಸಿ ಹತ್ತಿದ ಹೆಬ್ಬೆರಳು

ಕಪ್ಪು, ಇನ್ನೂ ಕಪ್ಪು, ನಿಂಬೆಹಣ್ಣಿಗೂ ಜಗ್ಗಲಿಲ್ಲ, ಉಪ್ಪು ಹಾಕಿ ತಿಕ್ಕಿದರೂ ಜಗ್ಗಲಿಲ್ಲ, ಸ್ಟೀರಿಂಗಿನ ಮೇಲೆ ಕೂತ ಹತ್ತು ಬೆರಳಲ್ಲಿ ಒಂಬತ್ತು ನನ್ನವು, ಈ ಬಲಗೈ ಹೆಬ್ಬೆರಳು ಮಾತ್ರ ಯಾವನೋ ಇದ್ದಿಲು ಮಾರುವವನದು, ಇರಲಿ ಬಿಡು, ನಾಳೆ ಹೋಗುತ್ತದೆ, ಹೋಗದಿದ್ದರೂ ನಷ್ಟವಿಲ್ಲ — ಕ್ಲಚ್ಚು ಬಿಗಿ, ನನಗೆ ಹೊಸ ಬಸ್ಸು, ಹೊಸ ಸೊಸೆಯ ಹಾಗೆ ಮೊದಲ ದಿನ ಬಿಗಿಯಾಗೇ ಇರುತ್ತದೆ, ರೆಕ್ಸಿನ್ ವಾಸನೆಯ ಮೇಲೆ ಸೀಬೆಹಣ್ಣಿನ ವಾಸನೆ, ಯಾವಳೋ ಚೀಲದಲ್ಲಿ ಸೀಬೆಹಣ್ಣು ಇಟ್ಟುಕೊಂಡಿದ್ದಾಳೆ, ಕನ್ನಡಿಯಲ್ಲಿ ಇಪ್ಪತ್ತಾರು ಹುಡುಗಿಯರು, ಇಪ್ಪತ್ತಾರು ಬಿಳಿ ಕಾಲರು, ಇನ್ನಿಬ್ಬರು ಹತ್ತಬೇಕು, ಎಲ್ಲರ ಹಿಂದೆ ಕಡೆಯ ಸೀಟಿನಲ್ಲಿ ವಗ್ದಿಯವರು, ಮೊಣಕಾಲಿನ ಮೇಲೆ ನೋಟ್‌ಬುಕ್ಕು, ಮೊದಲ ದಿನ ನಾನು ಹೇಗೆ ಓಡಿಸುತ್ತೇನೆಂದು ಬರೆದುಕೊಳ್ಳಲು ಶಾಲೆಯವರು ಕೂರಿಸಿದ್ದಾರೆ, ಬರೆಯಿರಿ ವಗ್ದಿಯವರೇ, ಈ ಸಲವಾದರೂ ಸರಿಯಾಗಿ ಬರೆಯಿರಿ. ನಿನ್ನೆ ಠಾಣೆಯಲ್ಲಿ ಹತ್ತಿದ ಮಸಿ ಇದು, ಫೀಶ್ ಎಂಬ ಚೀಟಿ ಇಲ್ಲದೆ ಈ ಅಲೆಕ್ಸಾಂಡ್ರಿಯಾದಲ್ಲಿ ಮೆಟ್ಟಿಲು ಗುಡಿಸುವ ಕೆಲಸಕ್ಕೂ ಯಾರೂ ಸೇರಿಸಿಕೊಳ್ಳುವುದಿಲ್ಲ, ಇವಳ ಮೇಲೆ ಒಂದೂ ಕೇಸಿಲ್ಲ ಎಂದು ಪೊಲೀಸರು ಬರೆದುಕೊಡಬೇಕು, ಬೆರಳು ಸಡಿಲ ಬಿಡಿ ಹಾಜ್ಜಾ, ನೀವ್ ಒತ್ಬೇಡಿ, ನಾನ್ ಒತ್ತಿಸ್ತೀನಿ ಎಂದ ಆ ಗುಮಾಸ್ತ, ಹಾಜ್ಜಾ ಅಂತೆ, ಮುದುಕಿಯರನ್ನು ಕರೆದ ಹಾಗೆ, ಇನ್ನೂ ನಲವತ್ತೆಂಟು ನನಗೆ, ಹಜ್ ಯಾತ್ರೆಯ ಬಟ್ಟೆಯನ್ನೂ ಹೊಲಿಸಿಲ್ಲ, ಆದರೆ ಬೆರಳು ಸಡಿಲ ಬಿಟ್ಟೆ, ಕೈ ಅವನದು, ಮಸಿ ಅವನದು. ಒರೆಸಿಕೊಳ್ಳಲು ಚಿಂದಿ ಬಟ್ಟೆಯೂ ಇಲ್ಲ ಅಲ್ಲಿ, ಗೋಡೆಯೇ ಬಟ್ಟೆ, ಎದೆಯೆತ್ತರದವರೆಗೂ ಸಾವಿರಾರು ಬೆರಳಿನ ಗೀರುಗಳು, ಕೆಲಸ ಸಿಕ್ಕವರದು, ಸಿಗದವರದು, ಕೊಲ್ಲಿ ದೇಶಗಳಿಗೆ ಹಾರಿದವರದು, ಅಲ್ಲೇ ನಾನೂ ಒಂಬತ್ತು ಗೀರು ಎಳೆದೆ, ಹೆಬ್ಬೆರಳನ್ನು ಮಾತ್ರ ಎಳೆಯಲಿಲ್ಲ, ಯಾಕೋ ಎಳೆಯಬೇಕು ಅನ್ನಿಸಲಿಲ್ಲ.

ಟ್ರಾಮು ಹೋಗಲಿ, ಹೋಗಪ್ಪಾ ನೀನು ದೊಡ್ಡವನು — ಹನ್ನೊಂದು ವರ್ಷ ಈ ಟ್ರಾಮಿನ ಜೊತೆ ಜಗಳವಾಡಿಕೊಂಡೇ ಮೈಕ್ರೋಬಸ್ ಓಡಿಸಿದೆ, ಗಂಡ ಸಬ್ರಿ ಸತ್ತ ನಲವತ್ತನೆಯ ದಿನ ಮುಗಿದ ಮಾರನೆಯ ಬೆಳಿಗ್ಗೆ ಅವನ ಚರ್ಮದ ಜಾಕೀಟು ಹಾಕಿಕೊಂಡು ಅವನ ಗಾಡಿ ಹತ್ತಿದೆ, ಸ್ಟ್ಯಾಂಡಿನ ಗಂಡಸರೆಲ್ಲ ನಕ್ಕರು, ಒಂದು ತಿಂಗಳು ನಕ್ಕರು, ಎರಡನೆಯ ತಿಂಗಳು ಸಾಲಿನಲ್ಲಿ ಜಾಗ ಬಿಟ್ಟರು, ಮೂರನೆಯ ತಿಂಗಳಿಂದ ಉಸ್ತಾ ಅಂದರು, ಗಾಡಿ ಹಿಡಿದ ಗಂಡಸಿಗೆ ಮಾತ್ರ ಅನ್ನುವ ಮಾತು ಅದು, ನನಗೂ ಅಂದರು. ಕಳೆದ ಬೇಸಿಗೆಯಲ್ಲಿ ಆ ಗಾಡಿ ಗುಜರಿಗೆ ಹೋಯಿತು, ಐದು ತಿಂಗಳು ಮನೆಯಲ್ಲಿ ಕೂತೆ, ಕೈ ಎರಡೂ ಮಡಿಲಲ್ಲಿ ಸತ್ತ ಮೀನಿನ ಹಾಗೆ ಬಿದ್ದಿದ್ದವು, ಬೇರೆ ಯಾವ ಕೆಲಸವೂ ನನಗೆ ಬರದು, ಆಗ ಮಗಳು ತೈಸೀರ್ ಹೇಳಿದಳು, ಅಮ್ಮಾ, ಹುಡುಗೀರ ಸ್ಕೂಲ್‌ನಲ್ಲಿ ಬಸ್ಸಿಗೆ ಹೆಂಗಸೇ ಬೇಕಂತೆ. ಹೆಂಗಸೇ ಬೇಕಂತೆ, ಹನ್ನೊಂದು ವರ್ಷದಲ್ಲಿ ಯಾರೂ ಆಡದ ಮಾತು. ಅರ್ಜಿ ಹಾಕಿದೆ. ಶಾಲೆಯ ಒಡತಿ ಮದಾಮ್ ಇಸ್ಮತ್ ಕನ್ನಡಕದ ಮೇಲಿಂದ ನೋಡಿದರು, ಫೀಶ್ ಆಮೇಲೆ ತನ್ನಿ, ಪೊಲೀಸ್ನೋರಿಗಿಂತ ಮೊದ್ಲು ನಾನು ಬೀದಿನ ಕೇಳ್ತೀನಿ, ಮಕ್ಕಳನ್ನ ಕೈಗೆ ಕೊಡೋ ವಿಷ್ಯ ಎಂದರು, ಕೇಳಿ ಮದಾಮ್ ಎಂದೆ, ಎಷ್ಟು ಧೈರ್ಯ ನನಗೆ, ನಮ್ಮ ಮಹರ್ರಮ್ ಬೇ ಬೀದಿಯಲ್ಲಿ ನನ್ನನ್ನು ಅರಿಯದ ಬೆಕ್ಕೂ ಇಲ್ಲ.

ಅಲ್ಲೇ ಕೆಟ್ಟಿದ್ದು. ಕಳಿಸಿದ್ದು ಈ ವಗ್ದಿಯವರನ್ನು, ಯಾಕೆ ಕೇಳುತ್ತಿದ್ದೀರಿ ಅಂದರೆ ಬಾಯಿ ಬಿಡಬಾರದು, ಕಾರಣ ತಿಳಿದರೆ ಜನ ಸುಳ್ಳು ಹೇಳುತ್ತಾರೆ, ಅದು ಮದಾಮರ ನಿಯಮ, ಇವರೋ ನಿಯಮ ಎಂದರೆ ನಿಯಮ ಅನ್ನುವ ಮನುಷ್ಯ. ಶುಕ್ರವಾರ, ಜುಮಾ ನಮಾಜು ಬಿಟ್ಟ ಹೊತ್ತು, ಇಸ್ತ್ರಿ ಮುರಿಯದ ಬೂದು ಸೂಟು, ಹೊಳೆಯುವ ಬೂಟು, ಕೈಯಲ್ಲಿ ಬಣ್ಣದ ದಾರ ಕಟ್ಟಿದ ಮಿಠಾಯಿ ಡಬ್ಬಿ, ತಂಗಿಯ ಮನೆಗೆ ಊಟಕ್ಕೆ ಹೋಗುವವರಿದ್ದರಂತೆ, ದಾರಿಯಲ್ಲೇ ಈ ಕೆಲಸವೂ ಮುಗಿಯಲಿ ಅಂದುಕೊಂಡರಂತೆ. ಹೇಳು ಮತ್ತೆ, ಸೂಟು ಹಾಕಿಕೊಂಡ ಗಂಡಸು ಮಿಠಾಯಿ ಡಬ್ಬಿ ಹಿಡಿದು ಒಬ್ಬ ವಿಧವೆಯ ಬಗ್ಗೆ ವಿಚಾರಿಸಿದರೆ, ಯಾಕೆ ಎಂದು ಕೇಳಿದ್ದಕ್ಕೆ ನೆಲ ನೋಡಿ ಕೆಮ್ಮಿದರೆ, ಬೀದಿ ಏನೆಂದುಕೊಳ್ಳಬೇಕು. ಕಾಫಿ ಅಂಗಡಿಯ ಹಾಜಿ ದರ್ವೀಶ್ ಒಳ್ಳೆಯ ಕುರ್ಚಿ ತರಿಸಿ ಕೂರಿಸಿ, ಚಿನ್ನ ಸಾಹೇಬ್ರೆ, ಅಪ್ಪಟ ಚಿನ್ನ, ಗಂಡ ಹೋದ್ಮೇಲೆ ಹೊಸ್ಲು ದಾಟಿಲ್ಲ ಎಂದ, ಹೊಸಿಲು ದಾಟಿಲ್ಲವಂತೆ, ಅವನ ಅಂಗಡಿ ಮುಂದೆಯೇ ದಿನಕ್ಕೆ ಹತ್ತು ಸಲ ಗಾಡಿ ನಿಲ್ಲಿಸಿದವಳು ನಾನು. ಪಕ್ಕದ ಮನೆಯ ನಬವಿಯ್ಯಾ ಮಹಡಿ ಕಿಟಕಿಯಿಂದ ಕೇಳಿಸಿಕೊಂಡವಳು ಒಗೆದ ಬಟ್ಟೆಯ ಬುಟ್ಟಿ ಬಿಟ್ಟು ಓಡಿ ಇಳಿದು ಬಂದಳು, ಗಾಡಿ ಓಡಿಸ್ತಾಳಾ ಅಂತ ಕೇಳ್ತೀರಾ, ಅಯ್ಯೋ ದೇವ್ರೇ, ರಸ್ತೆ ದಾಟೋಕೂ ನನ್ ಕೈ ಹಿಡ್ಕೊಳ್ತಾಳೆ ಸಾಹೇಬ್ರೆ, ಗೋಡೆ ಪಕ್ಕದಲ್ಲೇ ಇದ್ದೀನಿ, ಒಂದ್ ದಿನ ಅವ್ಳ ದನಿ ಕೇಳಿಲ್ಲ, ದ್ರಾಕ್ಷಿ ಎಲೇಲಿ ಅನ್ನ ಸುತ್ತೋದು ನೋಡ್ಬೇಕು, ಕಿರುಬೆರಳಿಗಿಂತ ಸಣ್ಣ, ವಯಸ್ಸಾ, ಮೂವತ್ತೊಂಬತ್ತು ತುಂಬಿದ್ರೆ ಹೆಚ್ಚು, ಮಗಳಾ, ಅವಳದೇನು, ಇವತ್ತೋ ನಾಳೆನೋ ಗಂಡನ ಮನೆಗೆ ಹೋಗೋಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುವುದು ಸುಮ್ಮನೆಯೇ, ಪಾಪ, ಅವಳು ಸಾವಿರದ ಲೆಕ್ಕವನ್ನೂ ದಾಟಿದಳು, ಈ ವಗ್ದಿಯವರು ಒಂದನ್ನೂ ಬಿಡದೆ ನೋಟ್‌ಬುಕ್ಕಿನಲ್ಲಿ ಇಳಿಸಿಕೊಂಡರು.

ಎಡಕ್ಕೆ, ನಿಧಾನ, ಹೊಂಡ ಇದೆ, ಹುಡುಗಿಯರ ಹಲ್ಲು ಅಲ್ಲಾಡಬಾರದು — ಆ ಶುಕ್ರವಾರ ಕಳೆದ ಮೇಲೆ ಮದಾಮ್ ಇಸ್ಮತ್ ಕೋಣೆಯಲ್ಲಿ ನಿಂತಿದ್ದೇನೆ, ಕೂರಲು ಹೇಳಲಿಲ್ಲ, ವರದಿ ಓದುತ್ತಿದ್ದಾರೆ, ಅರ್ಜಿದಾರಳಿಗೆ ಗಾಡಿ ಓಡಿಸಲು ಬರುವುದಿಲ್ಲ, ವಯಸ್ಸು ಒಂಬತ್ತು ವರ್ಷ ಹೆಚ್ಚು ಬರೆದಿದ್ದಾಳೆ, ಒಂಬತ್ತು ವರ್ಷ ಹೆಚ್ಚು ಹೇಳಿಕೊಂಡ ಹೆಂಗಸನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲವಂತೆ, ಲೈಸೆನ್ಸು ತೋರಿಸಿದೆ, ಲೈಸೆನ್ಸನ್ನ ಯಾರ್ ಬೇಕಾದ್ರೂ ಮಾಡಿಸ್ಕೊಳ್ತಾರೆ, ಒಂದ್ ಬೀದಿ ಪೂರ್ತಿ ಸುಳ್ಳು ಹೇಳುತ್ತಾ, ಸುಳ್ಳು ಹೇಳೋರ ಕೈಗೆ ನಾನು ಮಕ್ಕಳನ್ನ ಕೊಡಲ್ಲಮ್ಮ ಎಂದರು. ಸುಳ್ಳಿ. ನನ್ನನ್ನು ಕೂಗುಮಾರಿ ಅಂದಿದ್ದಾರೆ, ಗಂಡುಬೀರಿ ಅಂದಿದ್ದಾರೆ, ಸುಳ್ಳಿ ಎಂದು ಯಾರೂ ಅಂದಿರಲಿಲ್ಲ, ಮನೆತನಕ ನಡೆದೇ ಬಂದೆ, ಮೆಟ್ಟಿಲ ಮೇಲೆ ನಬವಿಯ್ಯಾ, ಕೈಯಲ್ಲಿ ಗುಲಾಬಿ ಶರಬತ್ತು, ಮುಖದ ತುಂಬ ನಗು, ಏನೇ ಮದುಮಗಳೇ, ಬಂದಿದ್ರಾ ಅವ್ರು, ಮಾತು ಎಲ್ಲೀವರೆಗೆ ಬಂತು. ಯಾರು ಬಂದಿದ್ರು ಅಂದೆ. ಅವಳು ಹೇಳುತ್ತಾ ಹೋದಳು, ಸೂಟು, ಬೂಟು, ಡಬ್ಬಿ, ನಾನು ಕೇಳುತ್ತಾ ಮೆಟ್ಟಿಲ ಮೇಲೇ ಕೂತುಬಿಟ್ಟೆ, ಕೂಗಲೂ ಆಗಲಿಲ್ಲ, ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನ ದನಿ ಗೋಡೆಯಾಚೆ ಕೇಳಿಸಲಿಲ್ಲ, ಅದು ಕೆಲಸ ವಿಚಾರ್ಸೋಕೆ ಬಂದಿದ್ದ ಮನುಷ್ಯ ಕಣೇ, ನನ್ ಕೆಲ್ಸ ಹೋಯ್ತು ಎಂದಷ್ಟೇ ಹೇಳಿದೆ. ಅವಳು ಎದೆ ಬಡಿದುಕೊಂಡಳು, ನಿನ್ ಮನೆ ಮುರಿದ್ನಲ್ಲೇ ಉಮ್ ತೈಸೀರ್, ನನ್ ನಾಲ್ಗೆ ಕತ್ತರಿಸಿ ಹಾಕು, ತೈಸೀರಳ ತಾಯಿ ಎಂದೇ ಅವಳು ನನ್ನನ್ನು ಕರೆಯುವುದು. ಶರಬತ್ತನ್ನು ಇಬ್ಬರೂ ಕುಡಿದೆವು, ಅತ್ತುಕೊಂಡೇ ಕುಡಿದೆವು, ಚೆಲ್ಲುವುದಕ್ಕೆ ಮನಸ್ಸು ಬರಲಿಲ್ಲ.

ಮಾರನೆಯ ದಿನ ಶಾಲೆಯ ಗೇಟಿನಲ್ಲಿ ಹದಿನಾಲ್ಕು ಜನ, ನಾನು ಬೇಡ ಬೇಡ ಅಂದರೂ ಕೇಳಲಿಲ್ಲ, ಮುಂದೆ ನಬವಿಯ್ಯಾ, ಅವಳ ಹಿಂದೆ ಅಂಗಡಿಗೆ ಬೀಗ ಹಾಕಿ ಬಂದ ಹಾಜಿ ದರ್ವೀಶ್, ಅವನ ಹಿಂದೆ ಸ್ಟ್ಯಾಂಡಿನ ಡ್ರೈವರುಗಳು, ಮದಾಮರ ಕೋಣೆಯಲ್ಲಿ ಹಿಡಿಸದೆ ಅರ್ಧ ಜನ ಬಾಗಿಲಲ್ಲೇ, ಮದಾಮ್, ಇವಳ ದನಿ ರೈಲ್ವೆ ಸ್ಟೇಷನ್ ತನಕ ಕೇಳ್ಸುತ್ತೆ ಎಂದ ಒಬ್ಬ, ಸಾಲು ತಪ್ಪಿಸಿದ್ದಕ್ಕೆ ನನ್ ಮೇಲೆ ಚಪ್ಪಲಿ ಎಸ್ದಿದ್ದಾಳೆ, ಗುರಿ ತಪ್ಪಲಿಲ್ಲ ಎಂದ ಇನ್ನೊಬ್ಬ, ಹೆಮ್ಮೆಯಿಂದಲೇ ಹೇಳಿದ, ಹಾಜಿ ದರ್ವೀಶ್ ಗಂಟಲು ಸರಿಮಾಡಿಕೊಂಡು, ಇವಳು ಮನೇಲಿ ಕೂತಿದ್ದನ್ನ ನಾನ್ ಕಂಡೇ ಇಲ್ಲ, ದೇವ್ರಾಣೆ ಎಂದ, ನಬವಿಯ್ಯಾ ಎಲ್ಲರನ್ನೂ ತಳ್ಳಿ ಮುಂದೆ ಬಂದಳು, ನನ್ ಕಿರಿಯವನು ಹುಟ್ಟೋ ದಿನ ರಸ್ತೆ ಪೂರ್ತಿ ಕಟ್ಟಿಹೋಗಿತ್ತು, ಇವಳು ಹಿಮ್ಮುಖವಾಗೇ ಓಡಿಸ್ಕೊಂಡು ಆಸ್ಪತ್ರೆ ಮುಟ್ಸಿದಳು, ಒಂದ್ ಕನ್ನಡಿ ಮುರೀತು ಅಷ್ಟೇ, ನಲವತ್ತೆಂಟು ಮದಾಮ್, ನನಗಿಂತ ಎರಡು ವರ್ಷ ದೊಡ್ಡವಳು, ಬರ್ಕೊಳ್ಳಿ, ದ್ರಾಕ್ಷಿ ಎಲೆ ಸುತ್ತೋದಂತೂ ಹೆಬ್ಬೆರಳಿನಷ್ಟು ದಪ್ಪ. ಮದಾಮ್ ಇಸ್ಮತ್ ಕನ್ನಡಕ ತೆಗೆದಿಟ್ಟರು, ಶುಕ್ರವಾರ ಒಂದ್ ಹೇಳಿದ್ರಿ, ಇವತ್ತೊಂದ್ ಹೇಳ್ತೀರಿ, ಯಾವುದನ್ನ ನಂಬಲಿ. ಶುಕ್ರವಾರದ್ದು ಮದುವೆ ಗಂಡಿಗೆ ಹೇಳಿದ್ದು ಮದಾಮ್, ಇವತ್ತಿನದು ಸ್ಟೀರಿಂಗಿಗೆ, ಗಂಡಿಗೆ ಯಾರಾದ್ರೂ ನಿಜ ಹೇಳ್ತಾರಾ ಎಂದಳು ನಬವಿಯ್ಯಾ. ವಗ್ದಿಯವರ ಕಿವಿ ಕೆಂಪಗಾದದ್ದನ್ನು ನಾನೇ ನೋಡಿದೆ. ಮದಾಮ್ ನಗಲಿಲ್ಲ, ಎದ್ದು ಕಿಟಕಿ ತೋರಿಸಿದರು, ಹಿಂದಿನ ಡ್ರೈವರು ಓಣಿಯಲ್ಲಿ ಸಿಕ್ಕಿಸಿ ಹೋದ ಬಸ್ಸು, ಒಂದು ಕಡೆ ಗೋಡೆ, ಒಂದು ಕಡೆ ಕಿತ್ತಳೆ ಹಣ್ಣಿನ ಗಾಡಿ, ಎರಡು ದಿನದಿಂದ ಹಾಗೇ ಇತ್ತಂತೆ, ಬೀಗದ ಕೈಯನ್ನು ಮೇಜಿನ ಮೇಲಿಟ್ಟರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ, ನನಗೂ ಬೇಕಾಗಲಿಲ್ಲ, ಕಿಟಕಿಯಿಂದ ತಲೆ ಹೊರಗಿಟ್ಟು ಹಿಮ್ಮುಖ ಗೇರು ಹಾಕಿದೆ, ಐದು ತಿಂಗಳು ಸತ್ತು ಬಿದ್ದಿದ್ದ ಕೈ ತಾನೇ ಎದ್ದು ಕೂತಿತು, ಒಂದೇ ಉಸಿರು, ಒಂದು ಕಿತ್ತಳೆಯೂ ಉರುಳಲಿಲ್ಲ. ಇಳಿದು ಬಂದಾಗ ಮದಾಮ್ ಗೇಟಿನಲ್ಲೇ ನಿಂತಿದ್ದರು, ನಾಳೆ ಫೀಶ್ ತನ್ನಿ ಉಸ್ತಾ ಇನ್ಶಿರಾಹ್ ಎಂದರು. ನನ್ನ ಹೆಸರಿಗೆ ಉಸ್ತಾ ಸೇರಿಸಿದರು. ನನಗೆ ಆಗ ಅಳು ಬಂತು.

ಬಂತು, ಇದೇ ತಿರುವು, ಕಡೆಯ ಇಬ್ಬರು ಹುಡುಗಿಯರು ನಮ್ಮ ಬೀದಿಯ ತುದಿಯಲ್ಲೇ ಹತ್ತುವವರು, ಇಗೋ ಹತ್ತಿದರು, ಇಪ್ಪತ್ತೆಂಟು, ಲೆಕ್ಕ ಸರಿ, ಬಾಗಿಲು ಮುಚ್ಚಿತು — ಹಾರ್ನ್ ಜಾಸ್ತಿ ಒತ್ಬೇಡಿ ಉಸ್ತಾ, ಇದು ಮೈಕ್ರೋಬಸ್ ಅಲ್ಲ ಎಂದಿದ್ದಾರೆ ಮದಾಮ್, ಒತ್ತುವುದಿಲ್ಲ ಮದಾಮ್, ಇಡೀ ವರ್ಷ ಒತ್ತುವುದಿಲ್ಲ, ಒಂದೇ ಸಲ. ಹಾಜಿ ದರ್ವೀಶ್ ಅಂಗಡಿ ಮುಂದೆ ಕುರ್ಚಿ ಹಾಕುತ್ತಿದ್ದಾನೆ, ಅದೇ ಒಳ್ಳೆಯ ಕುರ್ಚಿ, ಮೇಲೆ ಕಿಟಕಿಯಲ್ಲಿ ನಬವಿಯ್ಯಾ, ಬಾಯಲ್ಲಿ ಬಟ್ಟೆಯ ಕ್ಲಿಪ್ಪು, ಬಸ್ಸನ್ನು ನೋಡುತ್ತಾಳೆ, ನನ್ನನ್ನು ನೋಡುತ್ತಾಳೆ, ಕಡೆಯ ಸೀಟಿನ ಬೂದು ಸೂಟನ್ನೂ ನೋಡುತ್ತಾಳೆ, ಕ್ಲಿಪ್ಪು ಬಿತ್ತು. ಕನ್ನಡಿಯಲ್ಲಿ ವಗ್ದಿಯವರು ನೋಟ್‌ಬುಕ್ಕು ಮುಚ್ಚಿ ಸೂಟಿನ ಗುಂಡಿ ಸರಿಮಾಡಿಕೊಂಡರು, ಬೆಳಿಗ್ಗೆ ಹತ್ತುವಾಗ ಮೆಲ್ಲಗೆ ಕೇಳಿದ್ದರಲ್ಲ, ದ್ರಾಕ್ಷಿ ಎಲೆ ನಿಜಕ್ಕೂ ಅಷ್ಟು ದಪ್ಪ ಸುತ್ತುತ್ತೀರಾ ಅಂತ, ಇವರೂ ಹೆಂಡತಿ ತೀರಿಕೊಂಡವರೇ ಅಂತೆ, ನೋಡೋಣ, ಅವಸರವೇನು, ಮೊದಲು ನಾನು ಅವರ ಬೀದಿಗೆ ಹೋಗಿ ವಿಚಾರಿಸುತ್ತೇನೆ, ಕಾರಣ ಹೇಳುವುದಿಲ್ಲ, ಮಿಠಾಯಿ ಡಬ್ಬಿಯನ್ನಂತೂ ಒಯ್ಯುವುದಿಲ್ಲ — ಈಗ ಒತ್ತುತ್ತೇನೆ, ಮದುವೆ ಮೆರವಣಿಗೆಯ ಕಾರುಗಳು ಒತ್ತುವ ತಾಳದಲ್ಲೇ, ಪೀಂ ಪೀಂ ಪಿಪೀಂ ಪೀಂ, ಇಪ್ಪತ್ತೆಂಟು ಹುಡುಗಿಯರು ಚಪ್ಪಾಳೆ ತಟ್ಟುತ್ತಿದ್ದಾರೆ, ಮೇಲಿಂದ ನಬವಿಯ್ಯಾ ನಾಲಿಗೆ ಹೊರಳಿಸಿ ಮದುವೆಯ ಕೇಕೆ ಹಾಕುತ್ತಿದ್ದಾಳೆ, ಹಾಕಲಿ, ಮದುವೆಗಾದರೂ ಸರಿ, ಬಸ್ಸಿಗಾದರೂ ಸರಿ, ಕೇಳಲಿ ಬೀದಿ, ಕೇಳಲಿ ಟ್ರಾಮು, ಕೇಳಲಿ ಆ ಠಾಣೆಯ ಗೋಡೆ, ಇನ್ನೊಂದು ಸಲ, ಪೀಂ, ಹಾರ್ನಿನ ಬಿಳಿ ಗುಂಡಿಯ ಮೇಲೆ ಈ ಹೆಬ್ಬೆರಳು, ಕಪ್ಪು, ಇನ್ನೂ ಕಪ್ಪು, ನನ್ನದೇ.