ಶೇಂಗಾ ವಿಷ ಎಂದು ಕೆತ್ತಿಸಿಕೊಂಡ ತಟ್ಟೆ

ನಾನು ಒಂದು ಸ್ಟೀಲ್ ತಟ್ಟೆ. ಕಾರ್ಖಾನೆಯ ಯಂತ್ರ ತಗಡಿನ ಮೇಲೆ ಕುಕ್ಕಿದ ಒಂದೇ ಏಟಿಗೆ ಹುಟ್ಟಿದೆ. ಏಟಿನಲ್ಲಿ ಹುಟ್ಟಿದವರಿಗೆ ಏಟು ಮರೆಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಚಳ್ಳಕೆರೆಯ ಪಾತ್ರೆ ಅಂಗಡಿಯಿಂದ ನನ್ನನ್ನು ಕೊಂಡವಳು ಓಬಮ್ಮ, ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಪಾತ್ರೆಗಳಿಗೆ ಹೆಸರು ಕೆತ್ತುವ ಇಮಾಮ್ ಸಾಬರು ಮಿಷನ್ ಹಿಡಿದು, ಯಾರ ಹೆಸರು ಎಂದು ಕೇಳಿದರು.

“ಮಗಳದು, ಪಲ್ಲವಿ ಅಂತ. ಬರೀ ಹೆಸರಲ್ಲ, ‘ಪಲ್ಲವಿಗೆ ಶೇಂಗಾ ವಿಷ’ ಅಂತ ಬರೀರಿ.”

ಸಾಬರ ಕೈ ನಿಂತಿತು. “ಉಣ್ಣೋ ತಟ್ಟೆ ಮೇಲೆ ವಿಷ ಅಂತ ಬರೆಸ್ತಾರೇನವ್ವಾ?”

“ಮೆತ್ತಗೆ ಹೇಳಿ ಸಾಕಾಗೈತೆ ಸಾಬ್ರೆ. ಯಾರೂ ಕಿವಿಗೆ ಹಾಕ್ಕೊಳ್ಳಲ್ಲ.”

ಪಲ್ಲವಿಗೆ ನಾಲ್ಕು ವರ್ಷ. ಚೂರು ಶೇಂಗಾ ಬಾಯಿಗೆ ಬಿದ್ದರೂ ತುಟಿ ಊದಿ ಉಸಿರು ಕಟ್ಟುತ್ತಿತ್ತು. ಊರೋ ಶೇಂಗಾ ಎಣ್ಣೆ ಮಿಲ್ಲುಗಳ ಊರು; ಪಲ್ಯಕ್ಕೂ ಅದೇ ಪುಡಿ, ಹುಟ್ಟುಹಬ್ಬಕ್ಕೂ ಅದೇ ಚಿಕ್ಕಿ. ಅವಳು ಹೋಗುತ್ತಿದ್ದ ಶಿಶುವಿಹಾರದ ಆಯಾ ಚೌಡಕ್ಕ ನನ್ನನ್ನು ಬೇರೆ ಗೂಡಿನಲ್ಲಿಟ್ಟು, ಬೇರೆ ನಾರಿನಿಂದ ತೊಳೆದು, ಬೇರೆ ಸೌಟಿನಲ್ಲಿ ಬಡಿಸುತ್ತಿದ್ದಳು. ಉಂಡ ಮೇಲೆ ಮಗು ನನ್ನ ಅಕ್ಷರಗಳ ಮೇಲೆ ಎಂಜಲು ಬೆರಳಾಡಿಸಿ ತಿದ್ದುತ್ತಿತ್ತು.

ಶಿಶುವಿಹಾರದ ಅಧ್ಯಕ್ಷರು ರುದ್ರಮುನಿಯಪ್ಪ, ಎಣ್ಣೆ ಮಿಲ್ಲಿನ ಮಾಲೀಕರು. ಉಳಿದ ತಟ್ಟೆಗಳೆಲ್ಲ ಅವರು ಕೊಟ್ಟವು. ಎಲ್ಲದರ ಮೇಲೂ ‘ಕೊಡುಗೆ: ಶ್ರೀ ರುದ್ರಮುನಿಯಪ್ಪ’. ಅನ್ನ ಖಾಲಿಯಾದಾಗ ಮಕ್ಕಳಿಗೆ ಕಾಣಬೇಕಾದದ್ದು ಅವರ ಹೆಸರು.

ಒಂದು ಮಧ್ಯಾಹ್ನ ಅವರು ಫೋಟೋದವನನ್ನು ಕರೆತಂದರು. ಊಟದ ಸಾಲು ನೋಡುತ್ತ ಬಂದವರು ನನ್ನ ಮುಂದೆ ನಿಂತರು. ಚೌಡಕ್ಕ ಎಲ್ಲವನ್ನೂ ಬಿಡಿಸಿ ಹೇಳಿದಳು. ಅವರು ಪೂರ್ತಿ ಕೇಳಿಸಿಕೊಂಡರು. ಅದನ್ನೇ ನಾನು ಮರೆಯಲಾರೆ. ಪೂರ್ತಿ ಕೇಳಿಸಿಕೊಂಡ ಮೇಲೆ ನಕ್ಕರು.

“ಶೇಂಗಾ ತಿಂದೇ ಈ ಊರು ಉದ್ಧಾರ ಆಗಿರೋದು ಚೌಡಕ್ಕ. ನಾಕು ದಿನ ತಿನ್ಸು, ತಾನೇ ಒಗ್ಗುತ್ತೆ. ಪಂಕ್ತೀಲಿ ಭೇದ ಮಾಡೋದು ನಮ್ಮಲ್ಲಿಲ್ಲ.”

ಭೇದ ಗೊತ್ತಿಲ್ಲದ ಆ ಕೈ ನನ್ನನ್ನು ಒಲೆಯ ಹಿಂದಕ್ಕೆ ಎಸೆಯಿತು. ತಮ್ಮ ಹೆಸರಿನ ತಟ್ಟೆಯನ್ನು ಮಗುವಿನ ಮುಂದಿಟ್ಟು, ಶೇಂಗಾ ಹಾಕಿದ ಚಿತ್ರಾನ್ನವನ್ನು ತಾವೇ ಬಡಿಸಿ, ಒಂದು ತುತ್ತು ತಿನ್ನಿಸಿ ಕ್ಯಾಮೆರಾದತ್ತ ನೋಡಿದರು. ಬೂದಿಯಲ್ಲಿ ಬಿದ್ದಿದ್ದ ನನಗೆ ಮೊದಲು ಮಗುವಿನ ಕೆಮ್ಮು ಕೇಳಿಸಿತು. ಆಮೇಲೆ ಕೆಮ್ಮೂ ಕೇಳಿಸಲಿಲ್ಲ.

ಚೌಡಕ್ಕ ಮಗುವನ್ನು ಹೊತ್ತು ಆಸ್ಪತ್ರೆಗೆ ಓಡಿದಳು. ಇಂಜೆಕ್ಷನ್ ಕೊಟ್ಟರು, ಜೀವ ಉಳಿಯಿತು. ರುದ್ರಮುನಿಯಪ್ಪ ಒಂದು ಬುಟ್ಟಿ ಹಣ್ಣು ಕಳಿಸಿದರು. ಆಯಾ ಸರಿಯಾಗಿ ನೋಡಿಕೊಳ್ಳಲಿಲ್ಲವೆಂದು ಚೌಡಕ್ಕನನ್ನು ಕೆಲಸದಿಂದ ತೆಗೆದರು. ಹೋಗುವಾಗ ಅವಳು ನನ್ನನ್ನು ಸೆರಗಿನಲ್ಲಿ ಮುಚ್ಚಿ ತಂದು ಓಬಮ್ಮನ ಕೈಗಿಟ್ಟಳು.

ಓಬಮ್ಮ ಅಳಲಿಲ್ಲ. ನನ್ನನ್ನು ಮತ್ತೆ ಇಮಾಮ್ ಸಾಬರ ಬಳಿಗೆ ಒಯ್ದಳು. ಈ ಸಲ ಅವರು ಏನೂ ಕೇಳದೆ ಆಳವಾಗಿ ಕೊರೆದು, ಕೊರೆದ ಗೀರಿಗೆ ಕಪ್ಪು ಬಣ್ಣ ತುಂಬಿದರು. ಅಷ್ಟು ಸುಖದ ನೋವನ್ನು ನಾನು ಕಂಡಿರಲಿಲ್ಲ.

ವಾರ್ಷಿಕೋತ್ಸವದಲ್ಲಿ ಅಧ್ಯಕ್ಷರಿಗೆ ಸನ್ಮಾನ. ಶಾಲು, ಹಾರ ಮುಗಿದ ಮೇಲೆ, ಪೋಷಕರ ಕಾಣಿಕೆ ಎನ್ನುತ್ತ ಓಬಮ್ಮ ವೇದಿಕೆ ಹತ್ತಿ ನನ್ನನ್ನು ಅವರ ಕೈಗಿತ್ತಳು. ಫೋಟೋಕ್ಕೆಂದು ಕನ್ನಡಕ ತೆಗೆದಿದ್ದ ಅವರಿಗೆ ಕಂಡದ್ದು ದಪ್ಪಕ್ಷರದ ತಮ್ಮ ಹೆಸರು ಮಾತ್ರ. ಹಿಗ್ಗಿ, ನನ್ನನ್ನು ಎದೆಮಟ್ಟಕ್ಕೆ ಎತ್ತಿ ಜನರಿಗೆ ತೋರಿಸಿದರು. ಕ್ಯಾಮೆರಾ ಮಿಂಚಿತು. ಮುಂದಿನ ಸಾಲಿನ ತಾಯಂದಿರು ಓದಿ, ಹಿಂದಿನವರಿಗೆ ಹೇಳಿದರು:

‘ಪಲ್ಲವಿಗೆ ಶೇಂಗಾ ವಿಷ. ಗೊತ್ತಿದ್ದೂ ತಿನ್ನಿಸಿದವರು: ಶ್ರೀ ರುದ್ರಮುನಿಯಪ್ಪ.’

ಚಪ್ಪಾಳೆ ನಿಂತುಹೋಯಿತು.

“ಇನ್ನೂ ಸ್ವಲ್ಪ ಮೇಲೆತ್ತಿ ಯಜಮಾನ್ರೆ,” ಎಂದಳು ಓಬಮ್ಮ, “ಹಿಂದಿನೋರಿಗೂ ಕಾಣ್ಲಿ.”

ಮರುದಿನದಿಂದ ಒಬ್ಬ ತಾಯಿಯೂ ಮಗುವನ್ನು ಕಳಿಸಲಿಲ್ಲ. ಅಧ್ಯಕ್ಷರು ಕುರ್ಚಿ ಬಿಟ್ಟ ಮೇಲೆ, ಚೌಡಕ್ಕ ಮರಳಿ ಬಂದ ಮೇಲೆ ಬಾಗಿಲು ತೆರೆಯಿತು.

ಈಗ ನನಗೆ ವಯಸ್ಸಾಗಿದೆ. ಅಂಚಿಗೆ ತೂತು ಕೊರೆದು ಶಿಶುವಿಹಾರದ ಅಡುಗೆಕೋಣೆಯ ಬಾಗಿಲ ಮೇಲೆ ನೇತುಹಾಕಿದ್ದಾರೆ. ಪಲ್ಲವಿ ಹೈಸ್ಕೂಲು ಸೇರಿದಳು. ಹೊಸ ಮಗು ಬಂದರೆ, ಅದಕ್ಕೆ ಏನು ಆಗಿಬರುವುದಿಲ್ಲವೆಂದು ಕೇಳಿ ತಿಳಿದ ಮೇಲೆಯೇ ಒಲೆ ಹಚ್ಚುತ್ತಾರೆ. ಕ್ಷಮೆ ದೊಡ್ಡದೆಂದು ವೇದಿಕೆಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ಉಸಿರು ಕಟ್ಟಿದ ಮಗುವನ್ನು ಕಂಡವರು ಯಾರೂ ಹಾಗೆ ಹೇಳಿದ್ದನ್ನು ಕೇಳಿಲ್ಲ.

ಮೊನ್ನೆ ರುದ್ರಮುನಿಯಪ್ಪ ಕೋಲೂರಿಕೊಂಡು ಬಂದು, ಇಷ್ಟು ವರ್ಷವಾಯಿತು, ಇನ್ನಾದರೂ ಅದನ್ನು ಇಳಿಸು ಎಂದು ಚೌಡಕ್ಕನನ್ನು ಕೇಳಿಕೊಂಡರು. ಚೌಡಕ್ಕ ಸ್ಟೂಲು ಹತ್ತಿ ನನ್ನನ್ನು ಇಳಿಸಿದಳು. ಅವರೆದುರಿಗೇ ಕುಕ್ಕರಗಾಲಲ್ಲಿ ಕೂತು, ಅಕ್ಷರಗಳನ್ನು ಮುಚ್ಚಿದ್ದ ಎಣ್ಣೆಜಿಡ್ಡನ್ನು ಒರೆಸಿ ತೆಗೆದು, ಮತ್ತೆ ನೇತುಹಾಕಿದಳು.