ಮಳೆ ಬಂತು, ಹಳ್ಳ ಬರಲಿಲ್ಲ

ಗೌಡಗೆರೆ ಹೋಬಳಿಯ ಆ ಊರಿನಲ್ಲಿ ಜೋರು ಮಳೆ ಬಂತೆಂದರೆ ಮನೆಯೊಳಗೆ ಯಾರೂ ಕೂರುವುದಿಲ್ಲ. ತಲೆಗೆ ಗೋಣಿಚೀಲ ಹಾಕಿಕೊಂಡು ಕೆರೆ ಏರಿ ಮೇಲೆ ಹೋಗಿ ನಿಲ್ಲುತ್ತಾರೆ. ಮೇಲಿನ ಹೊಲಗಳ ಕಡೆಯಿಂದ ಹಳ್ಳ ಬರುವುದನ್ನು ಕಣ್ಣಾರೆ ನೋಡಬೇಕು, ಆಮೇಲೇ ಮನೆಗೆ ಬಂದು ಕಾಫಿ. ಊರಿಗೆಲ್ಲ ಕುಡಿಯುವ ನೀರು ಕೊಡುವ ಬೋರ್‌ವೆಲ್ ಇರುವುದು ಆ ಕೆರೆಯ ಕೆಳಗೇ. ಕೆರೆಗೆ ನೀರು ಬಂದರೆ ಅದಕ್ಕೆ ಜೀವ, ಇಲ್ಲದಿದ್ದರೆ ಬಿಂದಿಗೆ ಹಿಡಿದು ಟ್ಯಾಂಕರ್ ಹಿಂದೆ ಓಡಬೇಕು.

ಎರಡು ವರ್ಷ ಸರಿಯಾದ ಮಳೆಯಿಲ್ಲದೆ ಹಳ್ಳ ಒಣಗಿತ್ತು. ಈ ಸಲ ಬೆಳಗ್ಗೆಯಿಂದ ಧೋ ಎಂದು ಸುರಿಯಿತು. ಕೆಂಚಮ್ಮ, ಅವಳ ಗಂಡ ದೊಡ್ಡರಂಗಪ್ಪ, ಪಕ್ಕದ ಮನೆಯ ಹಮೀದಾ, ಎಲ್ಲರೂ ಏರಿ ಮೇಲೆ ನಿಂತರು. ಮಳೆ ನಿಂತಿತು. ಎಷ್ಟು ಹೊತ್ತು ಕಾದರೂ ಹಳ್ಳ ಬರಲಿಲ್ಲ.

"ಇಂಥಾ ಮಳೆಗೂ ಹಳ್ಳ ಬರ್ದೇ ಇದ್ದದ್ದು ನಾನು ಕಂಡೇ ಇಲ್ಲ ಕಣಮ್ಮ," ಎಂದಳು ಕೆಂಚಮ್ಮ.

ಏನಾಯಿತೆಂದು ನೋಡಲು ಹಳ್ಳದ ಗುಂಟ ಮೇಲಕ್ಕೆ ನಡೆದರು. ದೊಡ್ಡರಂಗಪ್ಪ ಸೋಲಾರ್ ಕಂಪನಿಗೆ ಗುತ್ತಿಗೆ ಕೊಟ್ಟಿದ್ದ ಹೊಲದ ತಂತಿಬೇಲಿ ಬಂತು. ಅಲ್ಲಿಂದಾಚೆ ಹಳ್ಳವೇ ಇರಲಿಲ್ಲ. ಅದು ಇದ್ದ ಜಾಗ ಅಂಗಳದ ಹಾಗೆ ಮಟ್ಟವಾಗಿತ್ತು, ಅದರ ಮೇಲೆ ಸಾಲಾಗಿ ಪ್ಯಾನೆಲ್‌ಗಳು. ಮೇಲಿಂದ ಬಂದ ನೀರೆಲ್ಲ ಬೇಲಿಯ ಮಗ್ಗುಲಿಗೆ ತಿರುಗಿ ಹಳೆಯ ಕಲ್ಲುಕ್ವಾರಿಯ ಗುಂಡಿಗೆ ಬೀಳುತ್ತಿತ್ತು. ದೊಡ್ಡರಂಗಪ್ಪ ಬೇಲಿ ಹಿಡಿದು ಅಲ್ಲೇ ಕೂತ.

ಅವನು ಹಾಗೆ ಕೂತದ್ದಕ್ಕೆ ಕಾರಣವಿತ್ತು. ಬೇಸಿಗೆಯಲ್ಲಿ ಕಂಪನಿಯವರು ಜಾಗ ನೋಡಲು ಬಂದಾಗ ದಾರಿ ತೋರಿಸಿದವನು ಅವನೇ. ಎರಡು ವರ್ಷದಿಂದ ಒಣಗಿದ್ದ ಹಳ್ಳ ತೋರಿಸಿ ಇದೇನು ಎಂದು ಅವರು ಕೇಳಿದರೆ, ಹಳೆಯ ಕೊರಕಲು, ನೀರು ಹರಿಯೋದಿಲ್ಲ, ಮುಚ್ಚಿ ಸಮ ಮಾಡಿಕೊಳ್ಳಿ ಎಂದು ದೊಡ್ಡಸ್ತಿಕೆಯಿಂದ ಹೇಳಿದ್ದ.

ಹಮೀದಾ ಗ್ರಾಮ ಪಂಚಾಯಿತಿ ಸದಸ್ಯೆ. ಕೆಲಸ ಶುರುವಾಗುವ ಮುಂಚೆ ಗ್ರಾಮಸಭೆಗೆ ಬನ್ನಿ ಎಂದು ಮನೆ ಮನೆಗೆ ಹೋಗಿ ಕರೆದಿದ್ದಳು. ಎಲ್ಲರೂ ಕಡ್ಲೆಕಾಯಿ ಬಿಡಿಸುವ ನೆಪ ಹೇಳಿದರು. ನನ್ನ ಹೊಲದ ವಿಷಯ ಸಭೆಗ್ಯಾಕೆ ಎಂದು ದೊಡ್ಡರಂಗಪ್ಪ ನಕ್ಕಿದ್ದ. ಸಭೆಯಲ್ಲಿ ತೋರಿಸಿದ ನಕ್ಷೆಯಲ್ಲಿ ಹಳ್ಳವಿಲ್ಲವಲ್ಲ ಎಂದು ಹಮೀದಾ ಕೇಳಿದರೆ, ಹೊಲದವರೇ ಇಲ್ಲ ಅಂದಿದ್ದಾರೆ ಎಂದು ಕಂಪನಿಯವರು ಹೇಳಿದರು. ಅವಳ ಜೊತೆ ದನಿಗೂಡಿಸಲು ಒಬ್ಬರೂ ಇರಲಿಲ್ಲ.

"ನಾನೇ ಮುಚ್ಚಿಸ್ಬುಟ್ಟೆ. ಇನ್ಯಾರು ತೆಗ್ಸಾರು? ಕಂಪ್ನಿಯೋರು ನಮ್ಮ ಮಾತು ಕೇಳ್ತಾರಾ?" ಎಂದ ದೊಡ್ಡರಂಗಪ್ಪ.

"ರಂಗಪ್ಪಣ್ಣ, ಹೊಲ ನಿಂದು. ಹಳ್ಳ ನಿಂದಲ್ಲ ಕಣಣ್ಣ, ಸರ್ಕಾರದ್ದು," ಎಂದಳು ಹಮೀದಾ. "ನೀನು ಮುಚ್ಚು ಅಂದ್ರೂ ಅವರು ಮುಚ್ಚಂಗಿಲ್ಲ. ಎದ್ದೇಳು, ಕೇಳೋಣ."

ಪಂಚಾಯಿತಿಗೂ ತಹಸೀಲ್ದಾರರಿಗೂ ಅರ್ಜಿ ಹೋಯಿತು. ಮತ್ತೆ ಗ್ರಾಮಸಭೆ ಸೇರಿತು, ಈ ಸಲ ನಿಲ್ಲಲೂ ಜಾಗವಿರಲಿಲ್ಲ. ಸೋಲಾರೇ ಬೇಡ, ಕಿತ್ತು ಹಾಕಿ ಎಂದು ಕೆಲವರು ಕೂಗಾಡಿದರು. ಕರೆಂಟೂ ಬೇಕು, ಕೆರೆಯೂ ಬೇಕು ಎಂದು ಹಮೀದಾ ಸಮಾಧಾನ ಮಾಡಿದಳು. ಆಗ ದೊಡ್ಡರಂಗಪ್ಪ ಎದ್ದು ನಿಂತ. "ಹಳ್ಳ ಇಲ್ಲ ಅಂದೋನು ನಾನೇ. ಐತೆ. ಬನ್ನಿ, ತೋರುಸ್ತೀನಿ."

ಸರ್ವೆಯವರು ಬಂದು ಅಳೆದರು. ಕಂಪನಿ ಹಳ್ಳದ ಮೇಲಿನ ಪ್ಯಾನೆಲ್‌ಗಳನ್ನು ತೆಗೆದು ಹಳ್ಳವನ್ನು ಮೊದಲಿನಂತೆ ತೋಡಿಕೊಟ್ಟಿತು. ಉಳಿದ ಪ್ಯಾನೆಲ್‌ಗಳಿಂದ ಕರೆಂಟೂ ಬರುತ್ತಿದೆ. ಆದರೆ ಅಂಥ ಮಳೆ ಆ ವರ್ಷ ಮತ್ತೆ ಬರಲಿಲ್ಲ. ಇವತ್ತು ಟ್ಯಾಂಕರ್ ಮುಂದೆ ಬಿಂದಿಗೆ ಹಿಡಿದು ನಿಂತವರಲ್ಲಿ ಕೆಂಚಮ್ಮನೂ ಇದ್ದಾಳೆ, ಹಿಂದೆಯೇ ಕೊಡ ಹಿಡಿದು ದೊಡ್ಡರಂಗಪ್ಪನೂ ಇದ್ದಾನೆ.

ಅಕ್ಕಂದಿರೇ, ಅಣ್ಣಂದಿರೇ, ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ನಿಮ್ಮದು ಯಾವ ತಾಲ್ಲೂಕೇ ಆಗಲಿ, ನಿಮ್ಮೂರಿಗೂ ಸೋಲಾರ್ ಬರಬಹುದು, ಗಾಳಿಯಂತ್ರ ಬರಬಹುದು. ಬರಲಿ. ಗ್ರಾಮಸಭೆ ಮಾತ್ರ ತಪ್ಪಿಸಬೇಡಿ. ನಕ್ಷೆ ಕೇಳಿ ನೋಡಿ. ಹಳ್ಳ, ಬಂಡಿದಾರಿ, ಸ್ಮಶಾನ, ಗೋಮಾಳ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿ. ತಪ್ಪಿದ್ದರೆ ಬರೆದು ಕೊಡಿ. ನಿಮ್ಮ ಹಳ್ಳ ಇವತ್ತು ಒಣಗಿರಬಹುದು. ಮಳೆ ಬರುವ ಮುಂಚೆ, ಒಮ್ಮೆ ಹೋಗಿ ನೋಡಿಕೊಂಡು ಬನ್ನಿ.